ಹಗ್ಗ ಹಿಡಿದವನು

“ಒಡಹುಟ್ಟಿದವರೇ ಕಡಿದಾಡಿಕೊಂಡ ನಾಡನ್ನು ಮತ್ತೆ ಕಟ್ಟುವುದು ಹೇಗೆ ಗುರುಗಳೇ? ತಪ್ಪು ಮಾಡಿದವರನ್ನು ದಂಡಿಸಿಯೋ, ಆದದ್ದನ್ನು ಮರೆತೋ?” ಎಂದು ಶಿಷ್ಯ ಕೇಳಿದ. ಮರುದಿನ ಅವನು ಅಂಥದೇ ಒಂದು ನಾಡಿಗೆ ಮಂತ್ರಿಯಾಗಿ ಹೊರಡುವವನಿದ್ದ.

“ಮಂತ್ರಿಯಾಗುವ ಮೊದಲೇ ಮಂತ್ರಿಯ ಹಾಗೆ ಮಾತಾಡುತ್ತೀಯಲ್ಲ. ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದು ನಾಡಿನಲ್ಲಿ ಹನ್ನೆರಡು ವರ್ಷ ಅಂತರ್ಯುದ್ಧ ನಡೆದು ನಿಂತಿತು. ಹೊಸ ಅರಸನಿಗೆ ಇಬ್ಬರು ಮಂತ್ರಿಗಳು. ಕೊಂದವರನ್ನೆಲ್ಲ ನೇಣಿಗೆ ಹಾಕದೆ ಒಂದು ಇಟ್ಟಿಗೆಯನ್ನೂ ಇಡಬಾರದು ಎಂದು ಒಬ್ಬ. ಹಳೆಯದನ್ನು ಕೆದಕಬೇಡಿ, ರಸ್ತೆ ಮಾಡಿ, ಕೆರೆ ಕಟ್ಟಿ, ಹೊಟ್ಟೆ ತುಂಬಿದರೆ ಜನ ತಾವೇ ಮರೆಯುತ್ತಾರೆ ಎಂದು ಇನ್ನೊಬ್ಬ. ಇಬ್ಬರೂ ದಡ್ಡರಲ್ಲ ನೋಡು. ಆದರೂ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಗಡಿಯ ಒಂದು ಊರಿಗೆ ಇದ್ದದ್ದು ಒಂದೇ ಬಾವಿ. ಯುದ್ಧದಲ್ಲಿ ಅದಕ್ಕೆ ಹೆಣ ಹಾಕಿ, ಮೇಲೆ ಕಲ್ಲು ತುಂಬಿದ್ದರು. ಜನ ಹೊಂಡದ ನೀರು ಕುಡಿದು ಸಾಯತೊಡಗಿದರು. ಅರಸ ಮಂತ್ರಿಗಳನ್ನು ಕರೆದುಕೊಂಡು ಬಂದ. ವಿಚಾರಣೆ ಮುಗಿಯುವವರೆಗೆ ಒಂದು ಕಲ್ಲೂ ಅಲುಗಬಾರದು ಎಂದ ಮೊದಲನೆಯ ಮಂತ್ರಿ. ಇದನ್ನು ಮುಚ್ಚಿಬಿಡಿ, ಬೇರೆ ತೋಡೋಣ ಎಂದ ಎರಡನೆಯವನು. ಬೇರೆಲ್ಲೂ ನೀರಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಆಗ ಬಾವಿ ತೋಡುವ ಒಬ್ಬ ಮುದುಕ ಮುಂದೆ ಬಂದ. ಅವನ ಮಗನೂ ಆ ಕಲ್ಲುಗಳ ಕೆಳಗಿದ್ದ. ಇಳಿಯುವವನೇ ಮೇಲೆ ಹಗ್ಗ ಹಿಡಿಯುವವನನ್ನು ಆರಿಸಬೇಕು, ಅದು ಆ ಕಸುಬಿನ ಪದ್ಧತಿ. ಮುದುಕ ಗುಂಪಿನೊಳಗೆ ಹೋಗಿ ಒಬ್ಬ ಕಮ್ಮಾರನ ಮುಂದೆ ಹಗ್ಗದ ತುದಿ ಚಾಚಿದ.

ಕಮ್ಮಾರ ಹತ್ತಿರ ಸರಿದ. ಮುದುಕನಿಗೆ ಮಾತ್ರ ಕೇಳುವಂತೆ, “ನಿನ್ನ ಮಗನನ್ನು ಕೊಂದವನು ನಾನು ಅಜ್ಜ,” ಎಂದ.

“ಗೊತ್ತಪ್ಪ. ಬಾವಿಯ ಯಾವ ಬದಿಗೆ ಹಾಕಿದೆ ಅಂತ ತೋರಿಸಬಲ್ಲವನೂ ನೀನೊಬ್ಬನೇ. ಗಟ್ಟಿಯಾಗಿ ಹಿಡಿ,” ಎಂದ ಮುದುಕ. ಸೊಂಟಕ್ಕೆ ಹಗ್ಗ ಬಿಗಿದು ಇಳಿದೇಬಿಟ್ಟ.

ಆರು ದಿನ ಕಲ್ಲು ಮೇಲೆ ಬಂತು. ಅರಸ ಊರು ಬಿಟ್ಟು ಕದಲಲಿಲ್ಲ. ಏಳನೆಯ ದಿನ ಬುಟ್ಟಿಯಲ್ಲಿ ಮೂಳೆ ಬಂತು. ಕಮ್ಮಾರ ಅದನ್ನು ನೋಡಿ, “ಇವನನ್ನು ಕೊಂದದ್ದು ನಾನು,” ಎಂದು ಎಲ್ಲರೆದುರು ಹೇಳಿದ. ಕಾವಲಿನವರು ಅವನನ್ನು ಹಿಡಿಯಲು ಧಾವಿಸಿದರು, ಹತ್ತಿರ ಬಂದು ನಿಂತುಬಿಟ್ಟರು. ಅವನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಮುದುಕನಿದ್ದ. ಅರಸ ಕಾಲಿನ ಕೆರ ಕಳಚಿಟ್ಟು ಬರಿಗಾಲಲ್ಲಿ ನಿಂತ. ಎಂಥ ಎದೆ ಆ ಮುದುಕನದು. ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಸಂಜೆಗೆ ನೀರು ಬಂತು. ಮುದುಕ ಮೇಲೆ ಬಂದು ಮಗನ ಮೂಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತ. ಆಮೇಲೆ ಅರಸನಿಗೆ, “ಈ ಕಮ್ಮಾರನನ್ನು ನನಗೆ ಬಿಡಿ ಒಡೆಯಾ. ನಾಡಿನಲ್ಲಿ ಇಂಥ ಬಾವಿ ಇನ್ನೂ ಬಹಳ ಇವೆ,” ಎಂದ.

ಶಿಷ್ಯ ಕೇಳಿದ, “ಮುದುಕ ಸತ್ತಿದ್ದರೆ ಕೊಲೆಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಮೊದಲ ದಿನವೇ ಆ ಕಮ್ಮಾರ ಹಗ್ಗ ಬಿಟ್ಟುಬಿಟ್ಟಿದ್ದರೆ?”

ಗುರುಗಳು ಎರಡೂ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದರು. ಹಗ್ಗ ಕೊರೆದ ಹಳೆಯ ಗಾಯದ ಗುರುತು ಅಡ್ಡಲಾಗಿ ಇತ್ತು.

“ಆ ಯೋಚನೆ ನನಗೂ ಬಂದಿತ್ತು,” ಎಂದರು.