ಅಕ್ಕನ ಕುಬಸದ ಅಳತೆ

ಆ ಕೌದಿ ಎಳ್ಕೊ, ಕಾಲು ಒಳಗಿಡು. ಹೂಂಗುಟ್ಟಬೇಕು ಮತ್ತೆ, ನೀನು ಹೂಂ ಅನ್ನದಿದ್ರೆ ಕತೆ ನಿಂತಲ್ಲೇ ನಿಂತ್ಬಿಡ್ತದೆ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ವಂತೆ, ಆಗ ಒಂದು ಹೊಳೆ ದಂಡೇಲಿ ಒಂದು ಕುಂಬಾರರ ಮನೆ ಇತ್ತಂತೆ. ಆ ಮನೇಲಿ ಮೂರು ಜನ ಗಂಡು ಮಕ್ಕಳು, ಒಬ್ಬಳು ಹೆಣ್ಣು ಮಗಳು. ದೊಡ್ಡವನು ಮುರಿಗೆಪ್ಪ, ನಡುವಿನವನು ಚೌಡಪ್ಪ, ಆಮೇಲೆ ಹಾಲವ್ವ, ಕೊನೆಯವನು ಕೊಟ್ರ. ಅಪ್ಪ ಅಮ್ಮ ಬೇಗನೇ ಹೋಗಿಬಿಟ್ಟಿದ್ರಂತೆ, ಅಣ್ಣಂದಿರು ತಿಗರಿ ತಿರುಗಿಸಿ ಮಡಕೆ ಮಾಡ್ತಿದ್ರೆ ಹಾಲವ್ವನೇ ಕೊಟ್ರನ್ನ ಕಂಕುಳಲ್ಲಿ ಎತ್ಕೊಂಡು ಸಾಕಿದ್ಲಂತೆ.

ಕೊಟ್ರಂಗೆ ಅಕ್ಕನ್ನ ತಬ್ಬಿಕೊಳ್ಳೋದು ಅಂದ್ರೆ ಬಲು ಇಷ್ಟ. ಸಣ್ಣವನಿದ್ದಾಗ ಎಷ್ಟು ಚಾಚಿದ್ರೂ ಅವಳ ಬೆನ್ನ ಹಿಂದೆ ಅವನ ಬೆರಳು ಒಂದಕ್ಕೊಂದು ಮುಟ್ತಾನೇ ಇರಲಿಲ್ವಂತೆ. ಮುಟ್ಟಿದ ದಿನ ನೀನು ದೊಡ್ಡವನಾದೆ ಅಂತ ಲೆಕ್ಕ ಕಣೋ ಅಂತಿದ್ಲಂತೆ ಹಾಲವ್ವ. ಕೊನೆಗೆ ಯಾವತ್ತು ಮುಟ್ಟಿದ್ವು ಅಂತೀಯಾ? ಅವಳು ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ. ದೊಡ್ಡವನಾಗಿದ್ನಲ್ಲ, ಆದರೂ ಗೊಳೋ ಅಂತ ಅತ್ತನಂತೆ. ಅಳಬೇಡ, ನನ್ನ ಮೊದಲನೇ ಕೂಸು ಇದೇ ಮನೇಲಿ ಹುಟ್ತದೆ, ನೀನು ಮಲಗಿದ್ದ ತೊಟ್ಟಿಲಲ್ಲೇ ಮಲಗ್ತದೆ, ನೀನೇ ತೂಗಬೇಕು ಅಂತ ಹೇಳಿ ಹಾಲವ್ವ ಹರಿಗೋಲು ಹತ್ತಿ ಹೊಳೆ ಆಚೆ ಹೋದ್ಲಂತೆ.

ಆಮೇಲೆ ದಿನ ಕಳೀತು, ಹಾಲವ್ವ ಬಸುರಿಯಾದ್ಲು, ಅಣ್ಣತಮ್ಮಂದಿರಿಗೆ ಸುದ್ದಿ ಬಂತು. ಬಸುರಿ ಹೆಣ್ಣಿಗೆ ತವರಿನವರು ಹಸಿರು ಕುಬಸ ಹೊಲಿಸಿಕೊಂಡು ಹೋಗಿ ತೊಡಿಸ್ತಾರಲ್ಲ, ಹೋದ ವರ್ಷ ನಿನ್ನ ಚಿಕ್ಕಮ್ಮಂಗೆ ಮಾಡಿದ್ವಲ್ಲ, ಅದೇ. ಆದ್ರೆ ಹಾಲವ್ವನ ಅತ್ತೆ ದ್ಯಾಮವ್ವ ಅಂತ ಒಬ್ಬಳಿದ್ಲು, ಮಾತು ಅಂದ್ರೆ ಹಸಿಮೆಣಸಿನಕಾಯಿ. ಅವಳು ಹೇಳಿ ಕಳಿಸಿದ್ಲಂತೆ, ನೋಡ್ರಪ್ಪಾ, ನಿಮ್ಮನೇಲಿ ಒಂದು ಹೆಣ್ಣು ಜೀವ ಇಲ್ಲ, ಮೂರು ಜನ ಗಂಡಸರು ಸೇರಿ ಬಾಣಂತನ ಮಾಡ್ತೀರಾ? ಐದು ತಿಂಗಳಿಗೆ ತರ್ರಿ, ಏಳಕ್ಕೆ ತರ್ರಿ, ಒಂಬತ್ತಕ್ಕೆ ತರ್ರಿ, ಕುಬಸ ಸೊಸೆ ಮೈಗೆ ಸರಿಯಾಗಿ ಕೂತ್ರೆ ಕಳಿಸಿಕೊಡ್ತೀನಿ. ಒಂದು ಕುಬಸ ನೆಟ್ಟಗೆ ಹೊಲಿಸೋಕೆ ಬರದವರ ಕೈಗೆ ನನ್ನ ಮೊಮ್ಮಗುನ ಕೊಡಲ್ಲ. ಇನ್ನೊಂದು ಮಾತು, ಬಸುರಿ ಮೈಗೆ ದಾರ ಹಿಡಿದು ಅಳೀಬಾರದು, ಕೂಸಿಗೆ ದೃಷ್ಟಿ ತಾಗ್ತದೆ ಅಂತ. ದೃಷ್ಟಿ ವಿಷಯದಲ್ಲಿ ಅವಳ ಎದುರು ಯಾರೂ ಉಸಿರೆತ್ತೋ ಹಂಗಿರಲಿಲ್ಲ.

ಐದನೇ ತಿಂಗಳಿಗೆ ದೊಡ್ಡಣ್ಣ ಮುರಿಗೆಪ್ಪ ಹೊರಟ. ಅಳೀಬಾರದು ಅಂದ್ರೆ ಏನಂತೆ, ತಂಗಿ ಬಿಟ್ಟು ಹೋದ ಹಳೇ ಕುಬಸ ಪೆಟ್ಟಿಗೇಲಿ ಇದೆಯಲ್ಲ ಅಂತ ಅದನ್ನ ತಗೊಂಡು ಪೇಟೆ ಸಿಂಪಿಗ ಚನ್ನಬಸಣ್ಣನ ಹತ್ರ ಹೋಗಿ, ಇದೇ ಅಳತೆಗೆ ಹೊಲಿ, ಅಂಚಿಗೆ ಜರಿ ಹಾಕು, ತೋಳಿಗೆ ನವಿಲು ಹಾಕು ಅಂದ. ಹೊಲಿದದ್ದು ನೋಡೋಕೆ ಎರಡು ಕಣ್ಣು ಸಾಲದು ಹಂಗಿತ್ತಂತೆ. ಹಾಲವ್ವನ್ನ ಮಣೆ ಮೇಲೆ ಕೂರಿಸಿ ತೊಡಿಸೋಕೆ ಹೋದ್ರೆ ಮೊಣಕೈ ದಾಟಲೇ ಇಲ್ವಂತೆ! ಬಸುರಿ ತುಂಬಿಕೊಂಡಿರ್ತಾಳೆ ಅನ್ನೋದು ಆ ಪುಣ್ಯಾತ್ಮಂಗೆ ಹೊಳೆದೇ ಇರಲಿಲ್ಲ. ದ್ಯಾಮವ್ವ, ಇದು ಅಮ್ಮಂಗೋ ಕೂಸಿಗೋ ಅಂತ ಕೇಳಿದ್ಲು, ಮುರಿಗೆಪ್ಪ ತಲೆ ತಗ್ಗಿಸಿ ಬಂದ.

ಏಳನೇ ತಿಂಗಳಿಗೆ ಚೌಡಪ್ಪ ಹೊರಟ. ಸಿಂಪಿಗಣ್ಣಾ, ನಮ್ಮ ಕಸುಬಲ್ಲಿ ಹಸಿ ಮಡಕೇನ ಯಾವತ್ತೂ ದೊಡ್ಡದಾಗೇ ಮಾಡೋದು, ಒಣಗಿ, ಆವಿಗೆ ಗೂಡಲ್ಲಿ ಸುಟ್ಟ ಮೇಲೆ ಕುಗ್ಗಿ ಸರಿ ಹೋಗ್ತದೆ. ತಂಗಿ ದಪ್ಪ ಆಗಿದ್ದಾಳೆ, ಅದಕ್ಕೊಂದಿಷ್ಟು ಬಿಡು, ಕುಗ್ಗೋದಕ್ಕೊಂದಿಷ್ಟು ಬಿಡು ಅಂದ. ಬಟ್ಟೆನೇನು ಆವಿಗೇಲಿಟ್ಟು ಸುಡ್ತೀಯೇನಪ್ಪಾ ಅಂದ ಚನ್ನಬಸಣ್ಣ. ಸುಮ್ನೆ ಹೇಳಿದಷ್ಟು ಹೊಲಿ, ನನಗೆ ಗೊತ್ತು ಅಂದ ಇವನು. ಹೊಲಿದು ತಗೊಂಡು ಹೋದ್ರೆ, ಅಯ್ಯಯ್ಯೋ, ಅದರೊಳಗೆ ಹಾಲವ್ವನೂ ಹಿಡಿಸಿದ್ಲು, ಅವಳ ಜೊತೆ ಇನ್ನಿಬ್ಬರು ಹಿಡಿಸೋ ಹಂಗಿತ್ತು. ಆ ಮನೆ ಮಕ್ಕಳು ಅದರೊಳಗೆ ಕಣ್ಣಾಮುಚ್ಚಾಲೆ ಆಡಿದ್ವಂತೆ. ಕೂತ ಹೆಂಗಸರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು, ಹಾಲವ್ವನೂ ಎಲ್ಲರ ಜೊತೆ ನಕ್ಕಳು. ಆದ್ರೆ ಅಣ್ಣನ ಜೊತೆ ಹೋಗಿದ್ದ ಕೊಟ್ರ ನೋಡ್ತಾನೆ, ನಗ್ತಾ ನಗ್ತಾ ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ತಿದ್ದಾಳೆ. ಅದು ನಗೆಯ ನೀರಲ್ಲ ಅಂತ ಅವನಿಗೆ ಗೊತ್ತಾಯ್ತು, ಅವನಿಗೆ ಅವತ್ತು ಅನ್ನ ಸೇರಲಿಲ್ವಂತೆ.

ಹೂಂ ಅನ್ನು. ನಿದ್ದೆ ಬಂತಾ? ಇನ್ನು ಸ್ವಲ್ಪ.

ಆಮೇಲೆ ಉಳಿದಿದ್ದು ಒಂಬತ್ತನೇ ತಿಂಗಳು, ಉಳಿದಿದ್ದು ಕೊಟ್ರ. ಚನ್ನಬಸಣ್ಣನ ಹತ್ರ ಹೋದ್ರೆ ಅವನು ಸೂಜಿ ಕೆಳಗಿಟ್ಟುಬಿಟ್ಟ. ಎರಡು ಸಲ ನನ್ನ ಹೊಲಿಗೆ ಊರ ಹೆಂಗಸರ ಮುಂದೆ ನಗೆಪಾಟಲಾಯ್ತು, ಅಳತೆ ತಾ, ಇಲ್ಲಾಂದ್ರೆ ಈ ಕಡೆ ಬರಬೇಡ ಅಂದ. ಅಳತೆ ಎಲ್ಲಿಂದ ತರೋದು, ದಾರ ಹಿಡಿಯೋ ಹಂಗಿಲ್ಲ. ಕೊಟ್ರಂಗೆ ದಿಕ್ಕೇ ತೋಚಲಿಲ್ಲ. ಕಡೆಗೆ ಅಕ್ಕನ್ನ ಒಂದು ಸಲ ನೋಡಿಕೊಂಡಾದರೂ ಬರೋಣ ಅಂತ ಹೊಳೆ ದಾಟಿ ಹೋದ. ಹಾಲವ್ವ ಅಂಗಳದಲ್ಲಿ ಅಕ್ಕಿ ಕೇರ್ತಾ ಕೂತಿದ್ಲು, ತಮ್ಮನ್ನ ಕಂಡು ಎದ್ದು ನಿಂತ್ಲು, ಕೊಟ್ರ ಓಡಿಹೋಗಿ ಅವಳನ್ನ ತಬ್ಬಿಕೊಂಡ. ತಬ್ಬಿಕೊಂಡ್ರೆ, ಬೆರಳು ಮುಟ್ಟಲಿಲ್ಲ. ಮದುವೆ ದಿನ ಮುಟ್ಟಿದ್ದ ಬೆರಳು ಈಗ ಮತ್ತೆ ಒಂದು ಗೇಣು ದೂರ! ಹಾಲವ್ವ, ನೋಡಿದ್ಯಾ, ನೀನು ಮತ್ತೆ ಸಣ್ಣವನಾಗಿಬಿಟ್ಟೆ ಅಂದ್ಲು. ಕೊಟ್ರ ಅಲ್ಲಾಡದೆ ನಿಂತುಬಿಟ್ಟ. ಅಕ್ಕಾ, ಉಸಿರು ಬಿಗಿ ಹಿಡೀಬೇಡ, ಆರಾಮಾಗಿ ನಿಂತ್ಕೊ ಅಂದ. ಎಷ್ಟೊತ್ತು ಹಿಂಗೇ ಇರ್ತೀಯೋ ಮಾರಾಯಾ ಅಂದ್ಲು ಅವಳು. ಅವನು ಹಸಿ ಮಡಕೆಯನ್ನ ತಿಗರಿಯಿಂದ ಎತ್ತೋ ಹಂಗೆ ತೋಳನ್ನ ಮೆಲ್ಲಗೆ ಅವಳ ತಲೆ ಮೇಲಿಂದ ಎತ್ತಿ, ಹಂಗೇ ಕೆಳಗಿಳಿಸಿ, ಆ ಒಂದು ಗೇಣು ಹಂಗೇ ಬಿಟ್ಟುಕೊಂಡು, ಬರ್ತೀನಕ್ಕಾ ಅಂತ ತಿರುಗಿ ಹೊರಟ. ದ್ಯಾಮವ್ವ ಜಗಲಿ ಮೇಲೆ ಕೂತು ಎಲ್ಲಾ ನೋಡ್ತಿದ್ಲು. ತಬ್ಬಿಕೊಂಡ್ರೆ ದೃಷ್ಟಿ ತಾಗ್ತದೆ ಅಂತ ಅವಳಿಗೂ ಹೇಳೋಕೆ ಬಾಯಿ ಬರಲಿಲ್ಲ.

ಹಿಂಗೆ, ನೋಡು ನನ್ನ ಕೈ, ಹಿಂಗೆ ಹಿಡ್ಕೊಂಡು ನಡೆದನಂತೆ. ದಾರೀಲಿ ಮೊದಲು ಒಂದು ನೊಣ ಬಂದು ಮೂಗಿನ ಮೇಲೆ ಕೂತ್ಕೊಂತು. ತುರಿಕೆ ಅಂದ್ರೆ ತುರಿಕೆ. ಮೂಗು ಕೊಂಕಿಸಿದ, ಊದಿದ, ತಲೆ ಕೊಡವಿದ, ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಬಿಡಲಿಲ್ಲ. ಆಮೇಲೆ ಬಾವಿ ಹತ್ರ ಬಂದ, ಬಾಯಾರಿಕೆಗೆ ನಾಲಿಗೆ ಅಂಟಿಕೊಂಡಿತ್ತು. ನೀರು ಸೇದೋ ಅಜ್ಜಿಯೊಬ್ಬಳು, ಏನಪ್ಪಾ ಅದು, ಬರೀ ಗಾಳಿ ಹೊತ್ಕೊಂಡು ಹೋಗ್ತಿದ್ದೀಯಲ್ಲ ಅಂದ್ಲು. ಗಾಳಿ ಅಲ್ಲಜ್ಜಿ, ಇದು ನಮ್ಮಕ್ಕ ಅಂದ. ಹುಡುಗಂಗೆ ಬಿಸಿಲು ನೆತ್ತಿಗೇರಿದೆ ಅಂತ ಕನಿಕರಪಟ್ಟು ಅವಳೇ ಬಾಯಿಗೆ ನೀರು ಹೊಯ್ದು ಕಳಿಸಿದ್ಲು. ಆಮೇಲೆ ಹೊಳೆ ಬಂತು. ಹರಿಗೋಲು ಗೊತ್ತಲ್ಲ, ನಡುನೀರಲ್ಲಿ ಗಿರಗಿರ ತಿರುಗ್ತದೆ. ಅಂಚು ಹಿಡ್ಕೊಳ್ಳೋ, ಬೀಳ್ತೀಯ ಅಂತ ಅಂಬಿಗ ಕೂಗಿದ. ಕೊಟ್ರನ ಕಾಲು ಜಾರಿತು, ಕೈ ಬಿಟ್ಟು ಅಂಚು ಹಿಡಿಯೋಣ ಅಂತ ಜೀವ ಎಳೀತು, ಅಷ್ಟರಲ್ಲಿ ಸೆರಗಲ್ಲಿ ಕಣ್ಣೊರೆಸಿಕೊಂಡ ಅಕ್ಕನ ಮುಖ ಕಣ್ಮುಂದೆ ಬಂತು. ಕೈ ಬಿಡಲಿಲ್ಲ. ಧೊಪ್ ಅಂತ ಕುಂಡೆ ಊರಿ ಕೂತುಬಿಟ್ಟ, ಅಂಬಿಗ ಅವನ ಪಂಚೆ ತುದಿ ತನ್ನ ಕಾಲ ಕೆಳಗೆ ಒತ್ತಿಕೊಂಡು ದಡ ಮುಟ್ಟಿಸಿದ.

ಮನೆ ಬಾಗಿಲಿಗೆ ಬಂದೋನೇ, ಅಣ್ಣಾ, ಬೇಗ ಮಣ್ಣು ಕಲಸ್ರೋ ಅಂತ ಕೂಗಿದ. ಅಣ್ಣಂದಿರು ಮೊದಲು ಹೆದರಿದ್ರು, ಆಮೇಲೆ ವಿಷಯ ತಿಳಿದು, ಜಿಗಟು ಮಣ್ಣು ತುಳಿದು ತಂದು ಕೊಟ್ರನ ತೋಳಿನ ನಡುವೆ ಒಟ್ಟಿದ್ರು. ಎಲ್ಲಾ ಕಡೆ ತೋಳಿಗೆ ಮಣ್ಣು ತಾಗೋವರೆಗೂ ತುಂಬಿದ್ರು, ಆಗ ಕೊಟ್ರ ಕೈ ಇಳಿಸಿದ, ಕೈ ಜೋಮು ಹಿಡಿದು ತನ್ನದೇ ಅಲ್ಲ ಅನ್ನೋ ಹಂಗಾಗಿತ್ತು. ಹೆಗಲು ಹಿಂಗಿತ್ತು, ಬೆನ್ನು ಹಂಗಿತ್ತು ಅಂತ ಅವನು ಹೇಳ್ತಾ ಹೋದ, ಅವರು ತಟ್ಟುತ್ತಾ ಹೋದ್ರು, ಅಂಗಳದಲ್ಲಿ ಮಣ್ಣಿನ ಹಾಲವ್ವ ಎದ್ದು ನಿಂತ್ಲು. ಒಣಗಿದ್ರೆ ಕುಗ್ತಾಳೆ ಅಂತ ಚೌಡಪ್ಪ ಅವಳಿಗೆ ಒದ್ದೆ ಗೋಣಿ ಹೊದಿಸಿ, ನೀರು ಚಿಮುಕಿಸ್ತಾ ಪಕ್ಕದಲ್ಲೇ ಕೂತ. ಈ ಸಲ ಅವನ ಬುದ್ಧಿ ಸರಿಯಾದ ಕಡೆ ಓಡಿತ್ತು. ಚನ್ನಬಸಣ್ಣನೇ ಮನೆಗೆ ಬಂದು ಮಣ್ಣಿನ ಮೈಮೇಲೆ ಬಟ್ಟೆ ಇಟ್ಟು ಕತ್ತರಿಸಿದ. ಇನ್ನೂ ದಿನ ಇದೆ, ಕೂಸು ಬೆಳೀತದೆ, ಎರಡು ಬೆರಳು ಬಿಡಪ್ಪಾ ಅಂದ ಮುರಿಗೆಪ್ಪ. ಅವನಿಗೂ ಬುದ್ಧಿ ಬಂದಿತ್ತು ನೋಡು.

ಒಂಬತ್ತನೇ ತಿಂಗಳಲ್ಲಿ ಮೂರೂ ಜನ ಹೋದ್ರು. ಹೆಂಗಸರು ಹಾಲವ್ವನ ಕೈಗೆ ಹಸಿರು ಬಳೆ ಇಟ್ಟು, ಒಳಗೆ ಕರ್ಕೊಂಡು ಹೋಗಿ ಕುಬಸ ತೊಡಿಸಿದ್ರು. ಹೊರಗೆ ಈ ಮೂವರೂ ಬಾಗಿಲನ್ನೇ ನೋಡ್ತಾ ನಿಂತಿದ್ರು. ಹಾಲವ್ವ ಹೊರಗೆ ಬಂದ್ಲು. ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ, ಮೈಗೆ ಹೇಳಿ ಮಾಡಿಸಿದ ಹಂಗಿತ್ತು. ಹೆಂಗಸರು ನಗಲಿಲ್ಲ, ಸೋಬಾನೆ ಶುರು ಮಾಡಿದ್ರು.

ದ್ಯಾಮವ್ವ ಸೊಸೆಯ ಸುತ್ತ ಒಂದು ಸುತ್ತು ಬಂದ್ಲು, ತೋಳು ಎಳೆದು ನೋಡಿದ್ಲು. ಯಾರಪ್ಪಾ ಅಳೆದದ್ದು, ಹೆಂಗೆ ಅಳೆದೆ, ತೋರಿಸು ಅಂದ್ಲು. ಕೊಟ್ರ ತೋಳು ಚಾಚಿ ಬರೀ ಗಾಳಿ ತಬ್ಬಿಕೊಂಡು ನಿಂತ. ಹೊಳೆ ದಾಟಿ, ಅಷ್ಟು ದೂರ, ಹಿಂಗೇನಾ ಹೋದೆ ಅಂದ್ಲು. ಹೂಂ ಅತ್ತೆ ಅಂದ. ದ್ಯಾಮವ್ವ ಹತ್ರ ಬಂದು ಅವನ ತೋಳು ಮುಟ್ಟಿದ್ಲು. ಆಮೇಲೆ, ಕೈ ಇಳಿಸಪ್ಪಾ, ನೋವಾಗ್ತದೆ ಅಂದ್ಲು. ಅವಳ ಮಾತು ಅಷ್ಟು ಮೆತ್ತಗೆ ಬಂದದ್ದನ್ನ ಆ ಊರಲ್ಲಿ ಯಾರೂ ಕೇಳಿರಲಿಲ್ವಂತೆ. ಹಂಗೇ ಒಳಗೆ ತಿರುಗಿ, ಸೊಸೆ ಸೀರೆ ಗಂಟು ಕಟ್ರೇ, ನಂದೂ ಎರಡು ಸೀರೆ ಇಡ್ರಿ, ನಾನೂ ಹೋಗ್ತೀನಿ, ಈ ಗಂಡಸರು ಬಾಣಂತಿ ನೀರನ್ನೂ ಆವಿಗೇಲಿಟ್ಟು ಕಾಯಿಸಿಯಾರು ಅಂತ ಕೂಗಿದ್ಲು.

ಆಮೇಲೆ ಹಾಲವ್ವ ತವರಿಗೆ ಬಂದ್ಲು, ಹೆಣ್ಣು ಕೂಸು ಹುಟ್ತು. ಯಾವುದೂ ದಂಡವಾಗಲಿಲ್ಲ ನೋಡು. ಮುರಿಗೆಪ್ಪನ ಜರಿ ಕುಬಸ ಬಿಚ್ಚಿ ಕೂಸಿನ ತಲೆಗೆ ಕುಲಾವಿ ಹೊಲಿದ್ರು. ಚೌಡಪ್ಪನ ದೊಡ್ಡ ಕುಬಸ ಮಡಿಚಿ ತೊಟ್ಟಿಲಿಗೆ ಮೆತ್ತೆ ಮಾಡಿದ್ರು. ಕೊಟ್ರ ತೂಗಿದ, ತೂಗ್ತಾ ತೂಗ್ತಾ ಅವನೇ ಮೊದಲು ನಿದ್ದೆ ಹೋದ್ನಂತೆ. ಅವರು ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಇಲ್ಲಿಗೆ ನನ್ನ ಕತೆ ಮುಗೀತು.

ಏನು, ನೀನೂ ಅಳೀತೀಯಾ? ಬಾ, ಎಲ್ಲಿ, ನಿನ್ನಜ್ಜೀನ ತಬ್ಬಿಕೊ ನೋಡೋಣ. ಇನ್ನೂ ಚಾಚು. ಮುಟ್ಟಲಿಲ್ವಾ ಬೆರಳು? ಮುಟ್ಟೋದು ಬೇಡ ಬಿಡು ಈಗಲೇ. ಹಂಗೇ ಹಿಡ್ಕೊಂಡು ಮಲಗು.