ನೀರುಗಂಟಿಯ ಕಲ್ಲು

"ಗುರುಗಳೇ, ತಾಯಿ ತೀರಿಕೊಂಡ ದಿನ ನಾನೂ ನಿಂತುಹೋಗಬೇಕು ಎಂದುಕೊಂಡೆ. ಎದೆ ಮಾತ್ರ ಬಡಿಯುತ್ತಲೇ ಇತ್ತು. ನನ್ನನ್ನು ಕೇಳದೆ ಅದಕ್ಕೆ ಅಪ್ಪಣೆ ಕೊಟ್ಟವರು ಯಾರು?"

ಶಿಷ್ಯ ಬೆಳಗಿನಿಂದ ಗೋಡೆಗೆ ಒರಗಿ ಕುಳಿತಿದ್ದ. ಗುರು ಹೇಳಿದರು:

ಒಂದು ಊರಿನಲ್ಲಿ ಕೆರೆಯಿತ್ತು. ಅದರ ತೂಬಿನಿಂದ ಹೊರಟ ಕಾಲುವೆ ಹನ್ನೆರಡು ಗದ್ದೆಗಳಿಗೆ ನೀರು ಕೊಟ್ಟು, ದಿಣ್ಣೆಯ ಮೇಲಿನ ಕೊಳವನ್ನೂ ತುಂಬುತ್ತಿತ್ತು. ಊರು ಕುಡಿಯುವುದು ಆ ಕೊಳದ ನೀರನ್ನೇ. ಕಾಲುವೆಯ ಮಟ್ಟ ಒಂದು ಗೇಣು ಇಳಿದರೂ ಅಷ್ಟು ಎತ್ತರಕ್ಕೆ ನೀರು ಹತ್ತುತ್ತಿರಲಿಲ್ಲ. ಕೊಳದ ಗೋಡೆ ಜೇಡಿಮಣ್ಣಿನದು. ಒಮ್ಮೆ ಒಣಗಿದರೆ ಕುಸಿಯುತ್ತದೆ. ಮತ್ತೆ ಕಟ್ಟಲು ಬರುವುದಿಲ್ಲ.

ನೀರು ಹಂಚುವ ನೀರುಗಂಟಿ ತೂಬಿನ ಬಳಿ ಕೂತು, ಕಾಲುವೆಯಲ್ಲಿ ನೆಟ್ಟ ಕಲ್ಲಿನ ಗೆರೆಯನ್ನು ನೋಡುತ್ತಿದ್ದ. ಮಗನನ್ನು ಮಣ್ಣು ಮಾಡಿ ಬಂದ ದಿನವೂ ನೋಡಿದ್ದ. ನೀರು ಗೆರೆಗಿಂತ ಇಳಿದರೆ ತಮಟೆ ಬಾರಿಸುವನು. ಕೇಳಿದವರು ತಮ್ಮ ಗದ್ದೆಯ ಬಾಯಿಗೆ ಮಣ್ಣು ಹಾಕುವರು. ಅಜ್ಜಂದಿರ ಕಾಲದ ರೂಢಿ.

ಹೊಸ ಗೌಡನಿಗೆ ಇದು ಸರಿಬರಲಿಲ್ಲ. "ಕಲ್ಲು ನೋಡೋದೂ ಒಂದು ಕೆಲಸವೇನೋ? ಇನ್ನು ಮೇಲೆ ನನ್ನ ಅಪ್ಪಣೆ ಇಲ್ಲದೆ ಯಾವ ಗದ್ದೆಯ ಬಾಯಿಯನ್ನೂ ಮುಚ್ಚಕೂಡದು" ಎಂದ.

ಮರುದಿನ ಎಲ್ಲ ದಿನಗಳಂಥದೇ ದಿನ. ಎಮ್ಮೆಗಳು ಕೆರೆಗಿಳಿದಿದ್ದವು. ಮಧ್ಯಾಹ್ನ ಏಡಿಯ ಬಿಲವೊಂದು ದೊಡ್ಡದಾಗಿ ಕಾಲುವೆಯ ಬದು ಒಡೆಯಿತು. ಕಲ್ಲಿನ ಗೆರೆ ನೀರಿನಿಂದ ಹೊರಬಿತ್ತು. ನೀರುಗಂಟಿ ತಮಟೆ ಬಾರಿಸಿದ. ರೂಢಿಯಂತೆ ಗದ್ದೆಗಳ ಬಾಯಿಗೆ ಮಣ್ಣು ಬಿತ್ತು. ತೂಬನ್ನು ಇನ್ನಷ್ಟು ಎತ್ತಿದ. ಹೊಂಗೆಸೊಪ್ಪಿನ ಕಂತೆಯೊಂದನ್ನು ನೀರಿಗೆ ಬಿಟ್ಟ. ಅದು ಮೆಲ್ಲಗೆ ತೇಲುತ್ತ ಎಲ್ಲ ಗದ್ದೆಗಳನ್ನೂ ದಾಟಿತು. ಕಾಲುವೆಯ ಕೊನೆಯಲ್ಲಿ ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವವನೊಬ್ಬನಿದ್ದ. ಸೊಪ್ಪಿನ ಅರ್ಥ ಅವನಿಗೆ ಗೊತ್ತಿತ್ತು. ಅವನು ನೀರನ್ನು ತಡೆದು ಉಳಿಸಿದ.

ಅಷ್ಟರಲ್ಲಿ ಗೌಡ ಓಡಿ ಬಂದ. "ಯಾರನ್ನು ಕೇಳಿ ಬಾರಿಸಿದೆಯೋ?"

ನೀರುಗಂಟಿ ಅವನ ಕೈಗಳನ್ನು ನೋಡಿದ. ಮೊಣಕೈವರೆಗೆ ಕೆಸರಿತ್ತು.

"ನಿಮ್ಮ ಗದ್ದೆಯ ಬಾಯಿ ಮುಚ್ಚಿಯೇ ಬಂದಿದ್ದೀರಿ, ಗೌಡರೇ. ನಿಮ್ಮ ಕೈ ಯಾರನ್ನು ಕೇಳಿತು?"

ಗೌಡ ತನ್ನ ಕೈ ನೋಡಿಕೊಂಡ. ಆಮೇಲೆ ಜೋರಾಗಿ ನಕ್ಕುಬಿಟ್ಟ.

ದಿಣ್ಣೆಯಿಂದ ಹೆಂಗಸರ ಕೂಗು ಕೇಳಿತು: "ನೀರು ಹತ್ತಿತು! ನೀರು ಹತ್ತಿತು!" ಸಂಜೆಯೊಳಗೆ ಬದು ಕಟ್ಟಿದರು. ಕೊಳದಲ್ಲಿ ಇಳಿದದ್ದು ಎರಡೇ ಮೆಟ್ಟಿಲು. ಗೋಡೆ ನಿಂತಿತ್ತು. ಗೌಡ ನೀರುಗಂಟಿಯನ್ನು ಮೆರವಣಿಗೆಗೆ ಕರೆದ. ಅವನು ಕಲ್ಲಿನ ಕಡೆ ತಿರುಗಿ ಕೂತ. ಮೆರವಣಿಗೆಯೇ ತೂಬಿನ ಬಳಿಗೆ ಬಂತು.

ಗುರು ಮುಂದುವರಿಸಿದರು: "ರಕ್ತದ ಒತ್ತಡ ಅಳೆಯುವ ಆ ಕಲ್ಲು ನಿನ್ನ ಕತ್ತಿನ ರಕ್ತನಾಳದಲ್ಲಿದೆ. ತೂಬು ನಿನ್ನ ಎದೆ, ಗದ್ದೆಗಳು ನಿನ್ನ ಕೈಕಾಲು, ಕೊಳ ನಿನ್ನ ತಲೆ. ನರವೇ ತಮಟೆ; ಕೂಡಲೇ ಕೇಳಿಸುತ್ತದೆ. ರಕ್ತದಲ್ಲಿ ತೇಲುವ ಹಾರ್ಮೋನು ಹೊಂಗೆಸೊಪ್ಪು. ನಿಧಾನವಾಗಿ ಮೂತ್ರಪಿಂಡಕ್ಕೆ ತಲುಪಿ ನೀರನ್ನು ಉಳಿಸುತ್ತದೆ. ನೀನು ಅಳುತ್ತಿದ್ದಾಗಲೂ ನಿನ್ನೊಳಗೆ ಒಬ್ಬ ಕಲ್ಲು ನೋಡುತ್ತ ಕೂತಿದ್ದ."

ಶಿಷ್ಯ ತಲೆ ತಗ್ಗಿಸಿದ.

"ಕೂತವನು ಎದ್ದರೆ ರಕ್ತ ಕಾಲಿಗಿಳಿದು ಕಲ್ಲಿನ ಗೆರೆ ಹೊರಬೀಳುತ್ತದೆ. ಎದ್ದು ನಿಲ್ಲು, ತಮಟೆ ಬಾರಿಸುತ್ತಾನೋ ನೋಡೋಣ" ಎಂದರು ಗುರು.

ಶಿಷ್ಯ ಎದ್ದು ನಿಂತ. ಬೀಳಲಿಲ್ಲ.