ಹೊಂಬಾಳಮ್ಮನ ಬಲಗೈ

ನಾನು ಹೇಳುವುದು ಸುಳ್ಳು ಅಂತ ಯಾರಿಗಾದರೂ ಅನ್ನಿಸಿದರೆ ಈಗಲೇ ಎದ್ದು ಹೇಳಿಬಿಡಿ. ನಮ್ಮ ಮಾದನಕೊಪ್ಪಲಿಗೆ ಕರಕೊಂಡು ಹೋಗಿ ಅರವತ್ತು ಮನೆಯವರ ಬಾಯಲ್ಲೂ ಹೌದು ಅನ್ನಿಸುತ್ತೇನೆ. ಅನ್ನಿಸಲಿಲ್ಲವೋ, ಈ ಮೀಸೆಯನ್ನು ಒಂದು ಕಡೆ ಬೋಳಿಸಿಕೊಂಡು ಸಂತೆಯೆಲ್ಲ ಸುತ್ತಿ ಬರುತ್ತೇನೆ. ಇಂಥ ಮೀಸೆ ಸುತ್ತ ಹತ್ತು ಹಳ್ಳಿಯಲ್ಲಿಲ್ಲ, ತಿಳಿದಿರಲಿ. ಯಾರೂ ಏಳಲಿಲ್ಲವಲ್ಲ? ಸರಿ, ಕೇಳಿ.

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಜವರ. ಆಳು ಆರಡಿ. ಹೇಳಿದ ಕೆಲಸ ಹೇಳಿದ ಹಾಗೇ ಮಾಡುತ್ತಾನೆ. ಅದೇ ಅವಳ ಸಂಕಟ. "ಸಾರು ಕುದಿಯೋಗಂಟ ಒಲೆ ಮುಂದಿಂದ ಏಳಬ್ಯಾಡ" ಅಂದಳು ಒಂದು ದಿನ. ಒಲೆ ಆರಿಹೋಯಿತು. ಸಾರು ಕುದಿಯಲಿಲ್ಲ. ಜವರ ಸಂಜೆವರೆಗೂ ಏಳಲಿಲ್ಲ.

"ನನ್ನ ಹೊಟ್ಟೇಲಿ ಒಂದು ಒನಕೆ ಹುಟ್ಟಿದ್ರೂ ರಾಗಿ ಕುಟ್ಟಕ್ಕಾಗದು!" ಅಂದಳು ಹೊಂಬಾಳಮ್ಮ.

"ಒನಕೆ ತರ್ಲಾ ಅವ್ವ?" ಅಂದ ಜವರ.

ಅಂಥಾ ಹೊಂಬಾಳಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ಬಾ ಅಂದರೆ ಬರುವುದಿಲ್ಲ. ತಲೆ ಬಾಚುವಂತಿಲ್ಲ, ತುರುಬು ಕಟ್ಟುವಂತಿಲ್ಲ. ತುರುಬನ್ನು ಜವರನೇ ಕಟ್ಟುತ್ತಿದ್ದ, ಹಸು ಕಟ್ಟುವ ಗಂಟು ಹಾಕಿ. ಪಕ್ಕದ ಮನೆ ಕೆಂಪಾಜಮ್ಮ ನೋಡಿದಾಗಲೆಲ್ಲ, "ಏನಮ್ಮೀ ಹೊಂಬಾಳಿ, ಹಗ್ಗ ಅದೆ, ಗೂಟ ಎಲ್ಲಿ?" ಅನ್ನುವಳು. ಇಷ್ಟು ದಿನ ಯಾರ ಮುಂದೆಯೂ ತಲೆ ಬಗ್ಗಿಸದ ಹೆಂಗಸು, ತುರುಬಿಗೋಸ್ಕರ ತಲೆ ಬಗ್ಗಿಸಬೇಕಾಯಿತು.

ಆಸ್ಪತ್ರೆಯ ಡಾಕ್ಟರು ಹೇಳಿದರು: "ಒಂದು ತಿಂಗಳು ಮೆಲ್ಲಗೆ ಆಡಿಸಿದರೆ ಬಿಡುತ್ತೆ. ಇಲ್ಲದಿದ್ರೆ ಜೀವಮಾನ ಪೂರ್ತಿ ಹೀಗೇ. ನಿಮ್ಮೂರಲ್ಲೇ ಕುಸುಮಾವತಿ ಮೇಡಂ ಹೇಳಿಕೊಡ್ತಾರಲ್ಲ, ಹೋಗಿ."

ಮೇಡಂ ದಿನಾ ಬೆಳಿಗ್ಗೆ ಸಮುದಾಯ ಭವನದಲ್ಲಿ ಜಮಖಾನೆ ಹಾಸಿ, ಮೆಲ್ಲಗೆ ಕೈಕಾಲು ಆಡಿಸುವುದು, ಮೆಲ್ಲಗೆ ಉಸಿರಾಡುವುದು ಹೇಳಿಕೊಡುತ್ತಿದ್ದರು. ಹೊಂಬಾಳಮ್ಮ ಕಿಟಕಿಯಲ್ಲಿ ಇಣುಕಿ ನೋಡಿದಳು. ಗಂಡಸರು ಹೆಂಗಸರು ಎಲ್ಲ ಕಾಲು ಚಾಚಿ ಮಲಗಿದ್ದರು.

"ಥೂ! ಊರ ಗಂಡಸರ ಮುಂದೆ ನಾನು ಕಾಲು ಚಾಚಾದಾ? ಲೇ ಜವರ, ನೀನು ಹೋಗಿ ಕಲ್ತ್ಕೊಂಡು ಬಾ. ಬಂದು ನಂಗೆ ತೋರ್ಸು. ಅವರು ಹೇಳಿದ್ದನ್ನ ಒಂದೂ ಮರೀಬ್ಯಾಡ."

"ಸರಿ ಕಣವ್ವ" ಅಂದ ಜವರ.

ಮೊದಲ ದಿನ ಮೇಡಂ ಹೇಳಿದರು: "ಯಾವ ಕೆಲಸಕ್ಕೂ ಅವಸರ ಬೇಡ. ಒಂದು ಉಸಿರಿಗೆ ಒಂದು ಹೆಜ್ಜೆ. ಅಷ್ಟೇ."

ಮನೆಗೆ ಬಂದು ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನು ಅವ್ವನಿಗೆ ತೋರಿಸಿದ. ಅವಳು ಗೋಡೆಗೆ ನಿಂತು ಬೆರಳನ್ನು ಇರುವೆಯ ಹಾಗೆ ಹತ್ತಿಸಿದಳು. ಆಮೇಲೆ ಹಾಲಿನ ಕ್ಯಾನು ಕೊಟ್ಟು ಡೈರಿಗೆ ಕಳಿಸಿದಳು. ಒಂದು ಉಸಿರಿಗೆ ಒಂದು ಹೆಜ್ಜೆ. ಎರಡು ಬೀದಿ ದೂರದ ಡೈರಿಗೆ ಜವರ ಮುಟ್ಟುವಷ್ಟರಲ್ಲಿ ಹಾಲಿನ ವ್ಯಾನು ಹೋಗಿ, ಡೈರಿಗೆ ಬೀಗ ಬಿದ್ದು, ಕ್ಯಾನಿನಲ್ಲಿ ಹಾಲು ಒಡೆದಿತ್ತು.

"ಅಯ್ಯೋ ನಿನ್ನ ಮನೆ ಕಾಯ್ವೋಗ! ಕೈಗೆ ಎತ್ಕೊಂಡ್ಯೋ, ಓಡ್ಬೇಕು ಕಣ್ಲಾ! ಏನೇ ಎತ್ತು, ಎತ್ತಿದ ತಕ್ಷಣ ಓಡು!"

"ಮೊದ್ಲೇ ಹೇಳಬಾರ್ದಾಗಿತ್ತಾ ಅವ್ವ?" ಅಂದ ಜವರ.

ಮಾರನೇ ದಿನ ಮೇಡಂ, "ಎರಡೂ ಕೈ ಮೆಲ್ಲಗೆ ಮೇಲೆತ್ತಿ" ಅಂದರು. ಎಲ್ಲರೂ ಎತ್ತಿದರು. ಜವರನೂ ಎತ್ತಿದ. ಎತ್ತಿದ ತಕ್ಷಣ ಓಡಿದ. ಜಮಖಾನೆ ದಾಟಿ, ಬಾಗಿಲು ದಾಟಿ, ಎರಡೂ ಕೈ ಮೇಲಿಟ್ಟುಕೊಂಡೇ ಪಕ್ಕದೂರಿನ ಗಡಿಕಲ್ಲಿನವರೆಗೂ ಓಡಿದ. ಹೊಲದಲ್ಲಿದ್ದವರು ಹೆಜ್ಜೇನು ಎದ್ದಿದೆ ಅಂದುಕೊಂಡು ತಾವೂ ಓಡಿದರು.

"ಓಡಬಾರದಪ್ಪ!" ಅಂದರು ಮೇಡಂ, ಅವನು ವಾಪಸು ಬಂದ ಮೇಲೆ. "ಇದ್ದಲ್ಲೇ ಇರಬೇಕು. ಮೈ ಸಡಿಲ ಆದಾಗ ಏನೇನೋ ಬರುತ್ತೆ. ಆಕಳಿಕೆ ಬರುತ್ತೆ, ತೇಗು ಬರುತ್ತೆ, ತೊಡೆ ನಡುಗುತ್ತೆ, ಒಂದೊಂದು ಸಲ ಅಳೂ ಬರುತ್ತೆ. ಯಾವುದನ್ನೂ ತಡೀಬೇಡ. ಸುಮ್ಮನೆ ನೋಡ್ತಿರು. ಬಂದದ್ದು ತಾನೇ ಹೋಗುತ್ತೆ."

"ಸರಿ ಮೇಡಮ್ಮೋರೆ" ಅಂದ ಜವರ.

ಅವತ್ತು ಹೊಂಬಾಳಮ್ಮ ಅಂಗಳದಲ್ಲಿ ರಾಗಿ ಹರವಿ, ಮಗನನ್ನು ಕಾವಲಿಗೆ ಕೂರಿಸಿ ಹೊಲಕ್ಕೆ ಹೋದಳು. ಆಡು ಬಂದವು. ಜವರ ತಡೆಯಲಿಲ್ಲ. ಕೋಳಿ ಬಂದವು. ತಡೆಯಲಿಲ್ಲ. ಕೆಂಪಾಜಮ್ಮನ ಎಮ್ಮೆ ಬಂತು. ಜವರ ಸುಮ್ಮನೆ ನೋಡಿದ. ಬಂದವೆಲ್ಲ ತಾವೇ ಹೋದವು. ರಾಗಿಯೂ ಹೋಯಿತು.

"ಕಣ್ಣಿರ್ಲಿಲ್ವೇನ್ಲಾ ನಿಂಗೆ?"

"ಕಣ್ಣು ಬಿಟ್ಕೊಂಡೇ ನೋಡ್ತಿದ್ದೆ ಕಣವ್ವ. ಮೇಡಮ್ಮೋರು ಅಂದಂಗೇ ಆಯ್ತು. ಎಲ್ಲಾ ಬಂದೋ, ಎಲ್ಲಾ ಹೋದೋ."

"ಬಂದಿದ್ದನ್ನ ಕೋಲು ತಗೊಂಡು ಅಟ್ಟಬೇಕು ಕಣೋ ಮಂಕೇ! ಹಚಾ ಹಚಾ ಅಂತ ಅಟ್ಟಬೇಕು!"

"ಸರಿ ಕಣವ್ವ."

ಮಾರನೇ ದಿನ ಜವರ ಕೋಲು ಹಿಡಕೊಂಡೇ ಪಾಠಕ್ಕೆ ಹೋದ. ಪೋಸ್ಟಾಫೀಸಿನಿಂದ ರಿಟೈರಾಗಿದ್ದ ಪಟೇಲಯ್ಯನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ನಲವತ್ತು ವರ್ಷ ಊರ ಕಾಗದ ಹೊತ್ತ ಹೆಗಲು. ಮೇಡಂ ಹೇಳಿದ ಹಾಗೆ ಆ ಹೆಗಲನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ತಿರುಗಿಸುತ್ತಾ ತಿರುಗಿಸುತ್ತಾ ಯಾಕೋ ಅವರಿಗೆ ಅಳು ಬಂತು. ಏನೂ ಕಾರಣವಿಲ್ಲ, ಬಂತು, ಅಷ್ಟೇ.

"ಹಚಾ! ಹಚಾ!" ಅಂತ ಎದ್ದ ಜವರ, ಪಟೇಲಯ್ಯನವರ ಮುಖದ ಮುಂದೆ ಕೋಲು ಬೀಸಿದ. "ಹೋಗ್ ಆಚೆ! ಹಚಾ!"

ಪಟೇಲಯ್ಯನವರ ಅಳು ನಿಂತುಹೋಯಿತು. ಎರಡು ದಿನ ಮಾತೂ ನಿಂತುಹೋಯಿತು.

ಮೇಡಂ ಕೋಲು ಕಿತ್ತುಕೊಂಡರು. "ಯಾರಾದರೂ ಕಷ್ಟಪಡ್ತಾ ಇದ್ದರೆ ಹೆದರಿಸ್ತಾರೇನಪ್ಪ? ಪಕ್ಕದಲ್ಲಿ ನಿಂತು, ಬೆನ್ನ ಮೇಲೆ ಕೈಯಿಟ್ಟು, 'ಇಳಿಯಲಿ ಬಿಡಿ, ಹಗುರ ಆಗುತ್ತೆ' ಅನ್ನಬೇಕು."

ಹೀಗೇ ದಿನಾ ಅವ್ವನ ಬೆರಳು ಗೋಡೆ ಹತ್ತುತ್ತಾ ಮೂರು ವಾರ ಕಳೆಯಿತು. ಒಂದು ಸಂಜೆ ಕೆಂಪಾಜಮ್ಮ ಹುಲ್ಲಿನ ಹೊರೆ ಹೊತ್ತು ಉಸ್ಸಪ್ಪಾ ಅಂತ ಬರುತ್ತಿದ್ದಳು. ಕಷ್ಟ ಕಣ್ಣಿಗೇ ಕಾಣುತ್ತಿತ್ತು. ಜವರ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟ.

"ಇಳೀಲಿ ಬುಡಿ ದೊಡ್ಡವ್ವ, ಹಗುರಾಯ್ತದೆ!"

ಬೆಚ್ಚಿಬಿದ್ದ ಕೆಂಪಾಜಮ್ಮನ ತಲೆಯಿಂದ ಹೊರೆ ಚರಂಡಿಗೆ ಇಳಿಯಿತು. ಅವಳು ನೇರ ಹೊಂಬಾಳಮ್ಮನ ಬಾಗಿಲಿಗೇ ಬಂದಳು.

"ನಿನ್ನ ಮಗನ್ನ ಕಟ್ಟಿಹಾಕಮ್ಮೀ! ತುರುಬು ಕಟ್ಟೋ ಹಗ್ಗದಲ್ಲೇ ಕಟ್ಟು! ದಾರೀಲಿ ಬರೋ ಹೆಂಗಸ್ರ ಬೆನ್ನು ಸವರ್ತಾನೆ!"

ಆ ಮಾತಿಗೆ ಹೊಂಬಾಳಮ್ಮನ ಮುಖ ಸುಟ್ಟ ಬದನೆಕಾಯಿ ಆಯಿತು. "ಲೇ! ಇನ್ಮೇಲೆ ಹೆಂಗಸು ಎದುರಿಗೆ ಬಂದ್ರೆ ಕಣ್ಣು ಮುಚ್ಕೊಂಡು ದೂರ ಹೋಗು! ತಿಳೀತಾ?"

ತಿಳಿಯಿತು. ಬೆಳಿಗ್ಗೆ ಮೇಡಂ ಎದುರಿಗೆ ಬಂದರು. ಜವರ ಕಣ್ಣು ಮುಚ್ಚಿಕೊಂಡು ದೂರ ಹೋದ.

"ಜವರಪ್ಪ, ನಿಲ್ಲಪ್ಪ!" ಅಂತ ಮೇಡಂ ಹಿಂದೆ ಹಿಂದೆ. ಕಣ್ಣು ಮುಚ್ಚಿಕೊಂಡು ಜವರ ಮುಂದೆ ಮುಂದೆ. ದನ ನೀರು ಕುಡಿಯುವ ತೊಟ್ಟಿಗೆ ಬಿದ್ದ ಮೇಲೆ ನಿಂತ. ಮೇಡಂ ತೊಟ್ಟಿಯ ಪಕ್ಕದಲ್ಲೇ ನಿಂತು ಕೇಳಿದರು, "ತಿಂಗಳಾಗ್ತಾ ಬಂತು. ನಿಮ್ಮಮ್ಮನ ಕೈ ಎಲ್ಲಿಗೆ ಬಂತು?"

"ಕಿವಿಗಂಟ ಬತ್ತದೆ. ಅಲ್ಲಿಂದ ಮೇಲಕ್ಕೆ ಬಾ ಅಂದ್ರೆ ಅವ್ವ ಬ್ಯಾಡ ಅಂತಳೆ" ಅಂದ ಜವರ, ಕಣ್ಣು ಬಿಡದೆ.

ಮೇಡಂ ತಲೆಯಾಡಿಸಿದರು. "ಹಾಗಾದ್ರೆ ಭುಜ ಬಿಟ್ಟಿದೆ. ಹೆದರಿಕೆ ಬಿಟ್ಟಿಲ್ಲ. ಕೇಳು. ಇವತ್ತು ಅವರನ್ನ ಹೆಣದ ಹಾಗೆ ಮಲಗಿಸು. ಕಣ್ಣು ಮುಚ್ಚಿಸು. ಎಲ್ಲಾ ಬಿಟ್ಟುಬಿಡಬೇಕು, ಏನೇ ಆದರೂ ಕಣ್ಣು ಬಿಡಬಾರದು, ಅಲುಗಾಡಬಾರದು. ಅರ್ಧ ಗಂಟೆ. ನೀನು ಪಕ್ಕದಲ್ಲೇ ಕೂತಿರು. ಯಾರಿಗೂ ಎಬ್ಬಿಸೋಕೆ ಬಿಡಬೇಡ."

"ಹೆಣದಂಗೆ?"

"ಹೆಣದ ಹಾಗೇ."

ಜವರ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ. ಅವ್ವನಿಗೆ ಎಲ್ಲ ಹೇಳಿದ. ಮರುದಿನ ಡಾಕ್ಟರಿಗೆ ಕೈ ತೋರಿಸುವ ದಿನ. ಹೊಂಬಾಳಮ್ಮ ಎರಡು ಮಾತಾಡದೆ ಪಡಸಾಲೆಯಲ್ಲಿ ಚಾಪೆ ಹಾಸಿ, ಮಲಗಿ, ಕಣ್ಣು ಮುಚ್ಚಿದಳು.

ಹೆಣದ ಹಾಗೆ ಅಂದಮೇಲೆ ಹೆಣದ ಹಾಗೆ. ಜವರ ಊರಲ್ಲಿ ಎಷ್ಟು ಸಾವು ನೋಡಿಲ್ಲ? ಚಾಪೆ ಎಳೆದು ಅವ್ವನ ತಲೆಯನ್ನು ದಕ್ಷಿಣಕ್ಕೆ ತಿರುಗಿಸಿದ. ಕಾಲಿನ ಎರಡು ಹೆಬ್ಬೆರಳು ಸೇರಿಸಿ ದಾರ ಕಟ್ಟಿದ. ಹಣೆಗೆ ವಿಭೂತಿ ಬಳಿದು ಮೇಲೊಂದು ಕಾಸು ಒತ್ತಿದ. ತಲೆದೆಸೆಯಲ್ಲಿ ದೀಪ ಹಚ್ಚಿಟ್ಟು, ಕುತ್ತಿಗೆವರೆಗೂ ಬಿಳಿ ಪಂಚೆ ಹೊದಿಸಿ, ಪಕ್ಕದಲ್ಲಿ ಕೂತ.

ಏನೇ ಆದರೂ ಕಣ್ಣು ಬಿಡಬಾರದಲ್ಲ? ಹೊಂಬಾಳಮ್ಮ ಬಿಡಲಿಲ್ಲ. ಕಾಲಿಗೆ ದಾರ ಬಿದ್ದಾಗ, ಇದೂ ಮೇಡಮ್ಮನ ಪಾಠವೇ ಇರಬೇಕು ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಮೈ ನೆಲಕ್ಕೆ ಇಳಿಯಿತು. ಬಲಭುಜ ಬಿಸಿಲಿಗಿಟ್ಟ ರಾಗಿಮೂಟೆಯ ಹಾಗೆ ಬೆಚ್ಚಗಾಯಿತು. ಬೆರಳ ತುದಿಯಲ್ಲಿ ಜುಂ ಅಂತ ಇರುವೆ ಹರಿದವು. ಹೊಟ್ಟೆ ಗುಡುಗುಡು ಅಂದಿತು. ಆಮೇಲೆ ಎರಡೂ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಗಂಡ ಸತ್ತ ದಿನ ಹಸು ಈದಿತ್ತು, ಅವತ್ತು ಅಳೋಕೆ ಬಿಡುವಿರಲಿಲ್ಲ. ಅವತ್ತಿನದು ಇವತ್ತು ಬಂತು. ಬರಲಿ ಅಂತ ಬಿಟ್ಟಳು.

ಅಷ್ಟರಲ್ಲಿ ಕೆಂಪಾಜಮ್ಮ ಮಜ್ಜಿಗೆ ಕೇಳಲು ಬಂದಳು. ದೀಪ ನೋಡಿದಳು. ಕಾಸು ನೋಡಿದಳು. ಕೈಯ ಚೆಂಬು ಬಿತ್ತು.

"ಏನ್ಲಾ ಜವರ! ಏನಾಯ್ತೋ ನಿಮ್ಮವ್ವಂಗೆ?"

ಜವರ ತಟ್ಟನೆ ಕಣ್ಣು ಮುಚ್ಚಿಕೊಂಡ. ದೂರ ಹೋಗುವ ಹಾಗಿರಲಿಲ್ಲ. ಅವ್ವನ ಪಕ್ಕದಲ್ಲೇ ಕೂತಿರಬೇಕಲ್ಲ. "ಶ್! ಎಬ್ಬಿಸ್ಬ್ಯಾಡಿ ದೊಡ್ಡವ್ವ. ಅವ್ವ ಎಲ್ಲಾ ಬಿಟ್ಟವ್ಳೆ."

"ಯಾವಾಗ್ಲೋ?"

"ಈಗ್ತಾನೆ. ನೋವೂ ಇಲ್ಲ, ಏನೂ ಇಲ್ಲ."

ಕೆಂಪಾಜಮ್ಮನ ಕಿರುಚಾಟಕ್ಕೆ ಅರ್ಧ ಊರು ಬಂತು. ಹೂವು ಬಂತು. ಬಿದಿರು ಬಂತು. ಅಂಗಳದಲ್ಲಿ ಚಟ್ಟ ಕಟ್ಟುವುದಕ್ಕೆ ಇಬ್ಬರು ಕೂತರು. ಪಟೇಲಯ್ಯನವರು ಬಂದು ಧಾರಾಳವಾಗಿ ಅತ್ತರು. ಜವರ ಅವರ ಬೆನ್ನ ಮೇಲೆ ಕೈಯಿಟ್ಟು, "ಇಳೀಲಿ ಬುಡಿ ಯಜಮಾನ್ರೆ, ಹಗುರಾಯ್ತದೆ" ಅಂದ. ಎಂಥಾ ಮಗ ಅಂತ ಜನ ಮಾತಾಡಿಕೊಂಡರು.

ಹೊಂಬಾಳಮ್ಮನ ಕಿವಿಗೆ ಎಲ್ಲ ಬೀಳುತ್ತಿತ್ತು. ಯಾರ ಮನೆಯಲ್ಲೋ ಏನೋ ಆಗಿರಬೇಕು, ಪಾಪ, ಅರ್ಧ ಗಂಟೆ ಆದಮೇಲೆ ಹೋಗಿ ನೋಡಿಕೊಂಡು ಬರೋಣ ಅಂದುಕೊಂಡಳು. ಅಲುಗಾಡಲಿಲ್ಲ.

"ಅಯ್ಯೋ ಹೊಂಬಾಳೀ!" ಅಂತ ಕೆಂಪಾಜಮ್ಮನ ದನಿ ತಲೆಯ ಹತ್ತಿರವೇ ಎದ್ದಿತು. "ಒಡಹುಟ್ಟಿದೋಳಂಗೆ ಇದ್ಯಲ್ಲೇ! ಚಿನ್ನದಂಥಾ ಕೈಯೇ ನಿಂದು!"

ಹೊಂಬಾಳಮ್ಮ ಅಲುಗಾಡಲಿಲ್ಲ.

"ನಿನ್ನೆ ತಾನೇ ಅಂದ್ಯಲ್ಲೇ, ನಾನು ಹೋದ್ಮೇಲೆ ನನ್ನ ಕೆಂದಹಸ ನಿಂಗೇ ಕಣೇ ಕೆಂಪಾಜಿ ಅಂತ!"

"ಯಾವಳೇ ಅಂದೋಳು!"

ಹೊಂಬಾಳಮ್ಮ ಎದ್ದು ಕೂತಿದ್ದಳು. ಹಣೆಯ ಕಾಸು ಟಣ್ಣನೆ ಬಿತ್ತು. ಬಲಗೈ ಎದೆ ದಾಟಿ, ಕಿವಿ ದಾಟಿ, ತಲೆಯ ಮೇಲೆ ನೆಟ್ಟಗೆ ಎದ್ದು ನಿಂತಿತ್ತು.

ಜನ ಇರಲಿಲ್ಲ. ಬಾಗಿಲಲ್ಲಿ ಹೋದವರು ಬಾಗಿಲಲ್ಲಿ, ಕಿಟಕಿಯಲ್ಲಿ ಹೋದವರು ಕಿಟಕಿಯಲ್ಲಿ. ಕೆಂಪಾಜಮ್ಮ ಎತ್ತ ಹೋದಳೋ ಗೊತ್ತಿಲ್ಲ, ಅವಳ ಒಂದು ಚಪ್ಪಲಿ ಮಾತ್ರ ಅಲ್ಲಿತ್ತು.

ಹೊಂಬಾಳಮ್ಮ ಮೇಲೆ ನೋಡಿದಳು. ತನ್ನದೇ ಕೈ. ಬೆರಳು ಮಡಿಚಿದಳು, ಬಿಚ್ಚಿದಳು. ಮೆಲ್ಲಗೆ ಹಿಂದಕ್ಕೆ ತಂದು ತುರುಬು ಮುಟ್ಟಿ ನೋಡಿದಳು. ಹಸು ಕಟ್ಟುವ ಗಂಟನ್ನು ತಾನೇ ಬಿಚ್ಚಿದಳು. ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೆ ಬಂದವು.

"ಲೇ ಜವರ! ಬಂತು ಕಣ್ಲಾ! ನೋಡ್ಲಾ ಇಲ್ಲಿ!"

ಜವರ ಅವಳ ಭುಜ ಹಿಡಿದು ಮತ್ತೆ ಚಾಪೆಗೆ ಒತ್ತಿದ. ಕಾಸನ್ನು ಹುಡುಕಿ ತಂದು ಹಣೆಗೆ ಅಂಟಿಸಿದ.

"ಮಲೀಕೋ ಅವ್ವ. ಅರ್ಧ ಗಂಟೆ ಅಂದವ್ರೆ. ಇನ್ನೂ ಐದು ನಿಮಿಷ ಅದೆ. ಹೆಣ ಎದ್ದು ಕೂತ್ಕೋಬಾರ್ದು."

ಅವನಿಗೆ ಸಿಕ್ಕಿದ್ದು ಬಲಗೈಯಲ್ಲಿ ಒಂದು ಏಟು, ಆಮೇಲೆ ಬಿಸಿಬಿಸಿ ಎರಡು ಮುದ್ದೆ.